ಮನಸ್ಸಿನ ನೋವನ್ನು ಬೇರೆ ಬೇರೆ ನಾಡಿನ ಚಿತ್ರಕಾರರು ಹೇಗೆ ತೋರಿಸುತ್ತಾರೆ?

ಮುಖ ನೋಡಿದರೆ ಭಾವನೆ ಗೊತ್ತಾಗುತ್ತದೆ ಅಂದುಕೊಳ್ಳುತ್ತೇವೆ. ಎಲ್ಲ ಕಡೆ ಹಾಗಿಲ್ಲ. ರಾಜಸ್ಥಾನಿ ಮತ್ತು ಪಹಾಡಿ (ಹಿಮಾಲಯದ ತಪ್ಪಲಿನ) ಶೈಲಿಯ ಹಳೆಯ ವರ್ಣಚಿತ್ರಗಳಲ್ಲಿ ವಿರಹದಲ್ಲಿರುವ ನಾಯಕಿಯ ಮುಖ ಹೆಚ್ಚುಕಡಿಮೆ ಶಾಂತವಾಗಿಯೇ ಇರುತ್ತದೆ. ಅವಳ ಸಂಕಟ ಹೇಳುವುದು ಖಾಲಿ ಹಾಸಿಗೆ, ಕವಿದ ಮೋಡ, ಮಿಂಚು, ಪಕ್ಕದಲ್ಲೇ ಕೂತ ಜೋಡಿ ಹಕ್ಕಿ.

ನಮ್ಮ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಹಲ್ದಂಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ಅದರ ಬೆರಳುಗಳನ್ನು ಗಮನಿಸಿ. ದೀಪಕ್ಕೆ ಅಡ್ಡ ಹಿಡಿದ ಕೈಯೊಳಗಿಂದ ಕೆಂಪು ಬೆಳಕು ಹೊಮ್ಮುತ್ತದೆ. ಅದು ಬರೀ ಜಲವರ್ಣ, ಆದರೂ ಭರವಸೆ ಅನ್ನೋದು ಕಣ್ಣಿಗೇ ಕಾಣುತ್ತದೆ.

ನಾರ್ವೆಯ ಎಡ್ವರ್ಡ್ ಮಂಕ್ 1893ರಲ್ಲಿ ಬರೆದ ‘ದಿ ಸ್ಕ್ರೀಮ್’ ಬೇರೆಯೇ ದಾರಿ. ಅಲ್ಲಿ ಮನುಷ್ಯನ ಜೊತೆ ಆಕಾಶವೂ ತಿರುಚಿಕೊಂಡಿದೆ, ಆದರೆ ದಾರಿಯ ಕಟಕಟೆ ಮಾತ್ರ ನೆಟ್ಟಗಿದೆ, ಹಿಂದಿರುವ ಇಬ್ಬರಿಗೆ ಏನೂ ಆಗಿಲ್ಲ. ಆತಂಕ ಅಂದರೆ ಇದೇ ಅಲ್ವಾ? ಲೋಕ ತನ್ನ ಪಾಡಿಗೆ ಇರುತ್ತದೆ, ನಮ್ಮೊಬ್ಬರಿಗೇ ಎಲ್ಲ ಅಲುಗಾಡುತ್ತದೆ. ಹುಚ್ಚನೇ ಇದನ್ನು ಬರೆದಿರಬೇಕು ಅನ್ನೋ ಅರ್ಥದ ಸಣ್ಣ ಪೆನ್ಸಿಲ್ ಸಾಲು ಅದರ ಮೇಲಿದೆ. ಅದು ಮಂಕ್ ಅವರದೇ ಕೈಬರಹ ಅಂತ ಅಲ್ಲಿನ ರಾಷ್ಟ್ರೀಯ ಮ್ಯೂಸಿಯಂ 2021ರಲ್ಲಿ ಹೇಳಿತು. ಜಪಾನಿನ ಯಾಯೊಯಿ ಕುಸಾಮಾ ಅವರಂತೂ ಚಿಕ್ಕಂದಿನಿಂದ ತಮಗೆ ಭ್ರಮೆಯಲ್ಲಿ ಕಾಣುತ್ತಿದ್ದ ಚುಕ್ಕಿಗಳನ್ನೇ ಕಲೆ ಮಾಡಿಕೊಂಡರು.

ಒಂದು ಮಾತು. ಬಣ್ಣ ನೋಡಿ ಕಾಯಿಲೆ ಹೇಳೋಕೆ ಹೋಗಬೇಡಿ. ಯಾರೋ ಕಪ್ಪು ಜಾಸ್ತಿ ಬಳಸಿದರೆ ಖಿನ್ನತೆ ಅಂತಲ್ಲ. ವ್ಯಾನ್ ಗಾಗ್ 1889ರಲ್ಲಿ ಮಾನಸಿಕ ಆಸ್ಪತ್ರೆಯಲ್ಲಿದ್ದಾಗ ಸುಳಿಗಾಳಿಯಂಥ ರಾತ್ರಿ ಆಕಾಶವನ್ನೂ ಬರೆದರು, ಅದೇ ಆಸ್ಪತ್ರೆಯ ತೋಟದಲ್ಲಿ ಅರಳಿದ ಐರಿಸ್ ಹೂಗಳನ್ನೂ ಬರೆದರು.