ಯಾವ ಆಟ ಅಂತ ಆಮೇಲೆ ನೋಡೋಣ, ಮೊದಲು ಕುರ್ಚಿ ಎಲ್ಲಿ ಹಾಕಿಸುತ್ತೀರಿ ಹೇಳಿ

ಮದುವೆ ಸೀಸನ್ ಬಂತು ಅಂದರೆ ನನಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಊರು ಬೇರೆ, ಹೆಸರು ಬೇರೆ, ಕೇಳುವುದು ಮಾತ್ರ ಅದೇ: "ಆಟಗಳ ಪಟ್ಟಿ ಕೊಡಿ ಸರ್." ಈ ಸಲ ಒಬ್ಬರಿಗೆ ಸರಿಯಾಗಿ ಉತ್ತರ ಕೊಟ್ಟು ಉಳಿದವರನ್ನು ಬೇಗ ಮುಗಿಸುತ್ತೇನೆ. ಕೈಚಳಕ ಹೇಗೆ ಕಲಿಯುವುದು, ಕನ್ನಡಿ ಮುಂದೆ ಎಷ್ಟು ಹೊತ್ತು ನಿಲ್ಲಬೇಕು, ಅದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅಷ್ಟೂ ಗೊತ್ತಿಲ್ಲದವರು ಸ್ಟೇಜ್ ಹತ್ತುವ ಯೋಚನೆ ಈ ವರ್ಷಕ್ಕೆ ಬಿಡಿ.

ಪ್ರಶ್ನೆ: ಸರ್, ನಮ್ಮ ಅಜ್ಜ ಅಜ್ಜಿಯ ಮದುವೆಗೆ 50 ವರ್ಷ ತುಂಬುತ್ತಿದೆ. ಹುಬ್ಬಳ್ಳಿಯಲ್ಲೇ ಕಲ್ಯಾಣ ಮಂಟಪ ಹಿಡಿದಿದ್ದೇವೆ. ಇಡೀ ಬಳಗ ಸೇರುತ್ತೆ, ಸಣ್ಣ ಮಕ್ಕಳಿಂದ ಹಿಡಿದು ಮುದುಕರವರೆಗೆ 600 ಜನ. ನಾನು, ನನ್ನ ತಮ್ಮ ಸೇರಿ ಎರಡು ಗಂಟೆಯ ಜಾದು ಕಾರ್ಯಕ್ರಮ ಕೊಡಬೇಕು ಅಂತಿದ್ದೇವೆ. ಇಸ್ಪೀಟಿನ ಆಟ ಚೆನ್ನಾಗಿ ಬರುತ್ತೆ. ಇನ್ನೂ ಯಾವ ಆಟ ತಗೊಳ್ಳಬೇಕು?

ಉತ್ತರ: 600 ಜನ ಅಂದಿರಿ, ಕಲ್ಯಾಣ ಮಂಟಪ ಅಂದಿರಿ, ಆಮೇಲೆ ಇಸ್ಪೀಟು ಅಂದಿರಿ. ಈ ಮೂರೂ ಒಂದು ಕಡೆ ಕೂಡುವುದಿಲ್ಲ. ಐದನೇ ಸಾಲಿನಾಚೆ ಕೂತವರಿಗೆ ಇಸ್ಪೀಟಿನ ಎಲೆ ಅಂದರೆ ಒಂದು ಬಿಳಿ ಚೂರು, ಅಷ್ಟೇ. ರಾಣಿಯೋ ಗುಲಾಮನೋ ಯಾರಿಗೆ ಗೊತ್ತು? ಅದೂ ಅಲ್ಲದೆ ಹಿರಿಯರು ಕೂತ ಸಮಾರಂಭದಲ್ಲಿ ಎಲೆ ಕಲಸುತ್ತಾ ನಿಂತರೆ ಅಜ್ಜ ಜಾದು ನೋಡುವುದಿಲ್ಲ, ಮೊಮ್ಮಗ ಇದನ್ನು ಎಲ್ಲಿ ಕೂತು ಕಲಿತ ಅಂತ ಲೆಕ್ಕ ಹಾಕುತ್ತಾರೆ.

ಮಂಟಪ ಖಾಲಿ ಇರುವ ಒಂದು ದಿನ ಇಬ್ಬರೂ ಹೋಗಿ. ತಮ್ಮನನ್ನು ಸ್ಟೇಜ್ ಮೇಲೆ ನಿಲ್ಲಿಸಿ, ಕೈಗೊಂದು ಕರವಸ್ತ್ರ ಕೊಡಿ. ನೀವು ಕೊನೆಯ ಸಾಲಿಗೆ ಹೋಗಿ ಕೂತುಕೊಳ್ಳಿ. ನಿಲ್ಲಬೇಡಿ, ಕೂತುಕೊಳ್ಳಿ. ನಾಟಕ, ಸಂಗೀತಕ್ಕೆ ಅಂತಲೇ ಇರುವ ಸವಾಯಿ ಗಂಧರ್ವ ಸಭಾಭವನದ ಲೆಕ್ಕ ಬೇರೆ. ಕಲ್ಯಾಣ ಮಂಟಪದಲ್ಲಿ ನೆಲ ಸಮತಟ್ಟು, ಎದುರಿಗೆ ಗಾಂಧಿ ಟೋಪಿ, ರುಮಾಲು, ಹೆಗಲ ಮೇಲೆ ನಿಲ್ಲಿಸಿಕೊಂಡ ಕೂಸು. ಜಾದುಗಾರನ ಸೊಂಟದಿಂದ ಕೆಳಗೆ ಏನೂ ಕಾಣುವುದಿಲ್ಲ. ಅಂದರೆ ನೀವು ಮೇಜಿನ ಮೇಲೆ ಮಾಡಬೇಕು ಅಂದುಕೊಂಡ ಅಷ್ಟೂ ಆಟ ಅಲ್ಲೇ ಸತ್ತ ಹಾಗೆ. ಎದೆಯ ಮಟ್ಟದಿಂದ ಮೇಲೆ ಹಿಡಿದು ತೋರಿಸಲು ಬರುವುದನ್ನು ಮಾತ್ರ ಉಳಿಸಿಕೊಳ್ಳಿ.

ಆಮೇಲೆ ಮೊದಲ ಸಾಲಿನ ಎಡತುದಿಯ ಕುರ್ಚಿ, ಬಲತುದಿಯ ಕುರ್ಚಿ. ಎರಡರಲ್ಲೂ ಕೂತು ನೋಡಿ. ತಮ್ಮ ಬೆನ್ನ ಹಿಂದೆ ಏನು ಮುಚ್ಚಿಟ್ಟರೂ ಅಲ್ಲಿಂದ ಕಾಣುತ್ತೆ. ಅದಕ್ಕೂ ಕೆಟ್ಟದ್ದು ಸ್ಟೇಜಿನ ಪಕ್ಕದ ವಧುವರರ ಕೋಣೆಗಳ ಬಾಗಿಲು. ಅಲ್ಲಿ ಯಾವಾಗಲೂ ನಾಲ್ಕು ಜನ ಹೆಣ್ಣುಮಕ್ಕಳು, ಎಂಟು ಹುಡುಗರು ನಿಂತೇ ಇರುತ್ತಾರೆ. ನೀವು ಎಷ್ಟೇ ನಾಜೂಕಾಗಿ ಮಾಡಿ, ಅವರಲ್ಲಿ ಒಬ್ಬ ಇಡೀ ಸಭೆಗೆ ಕೇಳುವ ಹಾಗೆ ಕೂಗುತ್ತಾನೆ: "ಏ ಅಲ್ನೋಡ್ರೋ, ಹಿಂದಿನ ಕಿಸೇದಾಗ ಇಟ್ಕೊಂಡಾನ!" ಆ ಹುಡುಗನ ಮೇಲೆ ಸಿಟ್ಟಾಗಿ ಪ್ರಯೋಜನ ಇಲ್ಲ, ಅವನು ಕಂಡದ್ದು ಹೇಳಿದ. ಬಾಗಿಲು ಹಾಕಿಸಿ, ಎರಡೂ ಕಡೆ ಒಬ್ಬೊಬ್ಬ ಸೋದರಮಾವನನ್ನು ನಿಲ್ಲಿಸಿ. ಸೋದರಮಾವನ ಮಾತು ಮಕ್ಕಳು ಕೇಳುತ್ತವೆ. ಮಕ್ಕಳನ್ನು ಸ್ಟೇಜಿನ ಎದುರಿಗೇ ಜಮಖಾನೆ ಹಾಸಿ ಕೂರಿಸಿ, ಆದರೆ ಸ್ಟೇಜಿಗೂ ಜಮಖಾನೆಗೂ ನಡುವೆ ನಾಲ್ಕು ಹೆಜ್ಜೆ ಜಾಗ ಬಿಡಿ. ಇಲ್ಲದಿದ್ದರೆ ಎರಡನೇ ಆಟಕ್ಕೆ ಅವು ನಿಮ್ಮ ಪೆಟ್ಟಿಗೆಯೊಳಗೆ ಕೈ ಹಾಕಿರುತ್ತವೆ.

ಈಗ ಹೊಸದೊಂದು ಕಾಟ ಶುರುವಾಗಿದೆ, ಎಲ್‌ಇಡಿ ಪರದೆ. ಹಿಂದಿನ ಸಾಲಿಗೂ ಕಾಣುತ್ತೆ ಅಂತ ಹಾಕಿಸುತ್ತಾರೆ, ಸರಿ. ಆದರೆ ವಿಡಿಯೋದವನು ಪಕ್ಕದಿಂದ ನಿಮ್ಮ ಅಂಗೈ ಜೂಮ್ ಮಾಡಿದರೆ, ಎದುರು ಕೂತವರಿಗೆ ಕಾಣದ್ದು ಆರು ಅಡಿ ಎತ್ತರದಲ್ಲಿ 600 ಜನಕ್ಕೂ ಕಾಣುತ್ತೆ. ಅವನಿಗೆ ಮೊದಲೇ ಚಹಾ ಕುಡಿಸಿ ಹೇಳಿಬಿಡಿ: ಕ್ಯಾಮೆರಾ ನಡುವಿನ ದಾರಿಯಲ್ಲೇ, ಕಣ್ಣೆತ್ತರಕ್ಕೆ, ಜೂಮ್ ಬೇಡ. ಡ್ರೋನ್ ತಂದಿದ್ದರೆ ಆ ಹೊತ್ತಿಗೆ ಕೆಳಗಿಳಿಸಿ. ಮೈಕಿನ ವಿಷಯಕ್ಕೆ ಬಂದರೆ, ಕೈಯಲ್ಲಿ ಹಿಡಿಯುವ ಮೈಕ್ ಕೊಟ್ಟರೆ ನಿಮಗೆ ಉಳಿಯುವುದು ಒಂದೇ ಕೈ. ಒಂದು ಕೈಯಲ್ಲಿ ಹಗ್ಗ ಕತ್ತರಿಸಿ ತೋರಿಸಿ ನೋಡೋಣ. ಕಾಲರ್ ಮೈಕೋ ತಲೆಗೆ ಹಾಕುವ ಮೈಕೋ ತರಿಸಿ, ಹೊಸ ಬ್ಯಾಟರಿ ಜೇಬಿನಲ್ಲಿರಲಿ.

ಎರಡು ಗಂಟೆ ಅಂತೂ ಸಾಧ್ಯವೇ ಇಲ್ಲ. ಬಂಗಾಳದ ದೊಡ್ಡ ಜಾದುಗಾರ ಪಿ.ಸಿ. ಸೊರ್ಕಾರ್ ಅಷ್ಟು ಹೊತ್ತು ಆಡುತ್ತಿದ್ದರು, ಯಾಕೆಂದರೆ ಅವರ ಬೆನ್ನಿಗೆ ದೊಡ್ಡ ತಂಡ, ವಾದ್ಯ, ರಾಶಿ ರಾಶಿ ಸಾಮಾನು ಇರುತ್ತಿತ್ತು. ನಿಮಗಿರುವುದು ಒಬ್ಬ ತಮ್ಮ. 45 ನಿಮಿಷ ಸಾಕು, ಊಟಕ್ಕೆ ಅರ್ಧ ಗಂಟೆ ಮೊದಲೇ ಮುಗಿಯಬೇಕು. ಅಡುಗೆಯವರನ್ನು ಕೇಳಿಕೊಂಡೇ ಸಮಯ ಇಟ್ಟುಕೊಳ್ಳಿ. ಗೋಧಿ ಹುಗ್ಗಿಯ ವಾಸನೆ ಒಳಗೆ ಬಂದ ಮೇಲೆ ಹೂಡಿನಿ ಬಂದು ನಿಂತರೂ ಜನ ಪಂಕ್ತಿ ಕಡೆಗೇ ಏಳುತ್ತಾರೆ. ಊಟದ ಮೇಲೆ ಇಟ್ಟರಂತೂ ಮಕ್ಕಳು ನಿದ್ದೆ, ದೊಡ್ಡವರು ಎಲೆ ಅಡಿಕೆ, ಮುಗಿಯಿತು.

ಸರಿ, ಈಗ ಆಟ. ಮೊದಲನೆಯದು ಮಾತಿಲ್ಲದ್ದು, ಬಣ್ಣದ್ದು, ಒಂದು ನಿಮಿಷದ್ದು. ಖಾಲಿ ಕೊಳವೆಯಿಂದ ಬಣ್ಣ ಬಣ್ಣದ ರೇಷ್ಮೆ ಬಟ್ಟೆ ಬಂದರೆ ಸಾಕು. "ಎಲ್ಲರೂ ಸುಮ್ಮನಿರಿ" ಅಂತ ಮೈಕಿನಲ್ಲಿ ಹತ್ತು ಸಲ ಬೇಡಿಕೊಳ್ಳುವ ಬದಲು ಇದನ್ನು ಮಾಡಿ. ಆಮೇಲೆ ಹಗ್ಗ, ಹರಿದ ಪತ್ರಿಕೆ ಕೂಡಿಸುವುದು, ಒಂದಕ್ಕೊಂದು ಸಿಕ್ಕಿಸಿ ಬಿಡಿಸುವ ಉಕ್ಕಿನ ಬಳೆಗಳು. ಬಳೆಯಾಟ ಬಹಳ ಹಳೆಯದು, ಎಲ್ಲರೂ ನೋಡಿರುತ್ತಾರೆ ಅಂತ ಹುಡುಗರು ಮೂಗು ಮುರಿಯುತ್ತಾರೆ. ಆದರೆ ಅದರ ಠಣ್ ಅನ್ನುವ ಸದ್ದು ಕೊನೆಯ ಸಾಲಿಗೂ ಹೋಗಿ ಮುಟ್ಟುತ್ತೆ, ಕಣ್ಣು ಮಂಜಾದ ಅಜ್ಜಿಗೂ ಏನೋ ಆಯಿತು ಅಂತ ಗೊತ್ತಾಗುತ್ತೆ. ದೊಡ್ಡ ಬಳೆ ತಗೊಳ್ಳಿ, ಅಡಿ ಅಗಲದ್ದು. ನಡುನಡುವೆ ಮುಗಿಯದ ಚರಿಗೆ ಇಡಿ: ನೀರೆಲ್ಲ ಸುರಿದು ಬೋರಲು ಹಾಕಿ ತೋರಿಸುತ್ತೀರಿ, ಮುಂದಿನ ಆಟವಾದ ಮೇಲೆ ಎತ್ತಿದರೆ ಮತ್ತೆ ನೀರು. ಹೊರದೇಶದ ಜಾದುಗಾರರು ಇದಕ್ಕೆ 'ವಾಟರ್ ಆಫ್ ಇಂಡಿಯಾ' ಅನ್ನುತ್ತಾರೆ. ನಳದ ನೀರಿಗೆ ದಿನಗಟ್ಟಲೆ ಕಾಯುವ ಹುಬ್ಬಳ್ಳಿ ಜನರ ಮುಂದೆ ಇದಕ್ಕೆ ಬೇರೆ ಮಾತೇ ಬೇಡ. ಪ್ರತಿ ಸಲ ಚರಿಗೆ ಎತ್ತಿ "ನಳಾ ಬಂತ್ರೀ" ಅನ್ನಿ, ಮೂರನೇ ಸಲಕ್ಕೆ ಸಭೆಯೇ ನಿಮಗಿಂತ ಮೊದಲು ಕೂಗುತ್ತೆ.

ಮೊಟ್ಟೆಯ ಆಟ ಬೇಡ. ಬಳಗದಲ್ಲಿ ಅರ್ಧ ಜನ ಮೊಟ್ಟೆ ಮುಟ್ಟದವರಿರುತ್ತಾರೆ, ಯಾರದೋ ಟೋಪಿಯಲ್ಲಿ ಒಡೆದಿರೋ, ಅಂದು ರಾತ್ರಿಯವರೆಗೂ ಅದೇ ಮಾತು. ಲಿಂಬೆಹಣ್ಣೂ ಬೇಡ. ಸ್ಟೇಜಿನ ಮೇಲೆ ಲಿಂಬೆಹಣ್ಣು ಕತ್ತರಿಸಿದರೆ ನಮ್ಮ ಕಡೆ ಯಾರೂ ಜಾದು ಅಂದುಕೊಳ್ಳುವುದಿಲ್ಲ.

ಸ್ಟೇಜಿಗೆ ಯಾರನ್ನು ಕರೆಯುತ್ತೀರಿ ಅನ್ನುವುದು ಆಟಕ್ಕಿಂತ ದೊಡ್ಡ ವಿಷಯ, ಇದನ್ನು ಯಾರೂ ಕೇಳುವುದೇ ಇಲ್ಲ. ಏಳರಿಂದ ಹತ್ತು ವರ್ಷದ ಮಗು ಕರೆಯಿರಿ. ಮೂರು ವರ್ಷದ್ದು ಅರ್ಧದಲ್ಲಿ ಅವ್ವ ಬೇಕು ಅನ್ನುತ್ತೆ, ಹದಿನೈದರ ಹುಡುಗನಿಗೆ ನಿಮ್ಮನ್ನು ಸೋಲಿಸುವುದೇ ಕೆಲಸ. ಒಬ್ಬ ಮಗನ ಮಗುವನ್ನು ಕರೆದರೆ ಇನ್ನೊಬ್ಬ ಮಗನ ಮಗುವನ್ನೂ ಕರೆಯಿರಿ, ಇಲ್ಲದಿದ್ದರೆ ಆ ಲೆಕ್ಕ ಮನೆಯಲ್ಲಿ ವರ್ಷಗಟ್ಟಲೆ ಉಳಿಯುತ್ತೆ. ಹೊಸ ಅಳಿಯನನ್ನು, ಬೀಗರನ್ನು ಕರೆದು ಕಿವಿಯಿಂದ ನಾಣ್ಯ ತೆಗೆದು ನಗಿಸುವ ಸಾಹಸ ಬೇಡ. ನೀವು ತಮಾಷೆ ಅಂತೀರಿ, ಅವರು ಅವಮಾನ ಅಂತಾರೆ. ಅಜ್ಜ ಅಜ್ಜಿಯನ್ನು ಮೆಟ್ಟಿಲು ಹತ್ತಿಸಬೇಡಿ. ಹಗ್ಗದ ಎರಡು ತುದಿ ಕೆಳಗೆ ಒಯ್ದು ಒಂದೊಂದು ಅವರ ಕೈಗೆ ಕೊಡಿ, ನಡುವೆ ಕತ್ತರಿಸಿ, ಮತ್ತೆ ಕೂಡಿಸಿ. ಕೊನೆಯ ಆಟ ಅದೇ ಆಗಲಿ, 50 ವರ್ಷದ ಸಮಾರಂಭಕ್ಕೆ ಅದಕ್ಕಿಂತ ದೊಡ್ಡ ಪೆಟ್ಟಿಗೆ ಯಾಕೆ ಬೇಕು?

ಇನ್ನು, ಹುಡುಗಿಯನ್ನು ಗರಗಸದಿಂದ ಕೊಯ್ಯುವ ಆಸೆ ನಿಮಗೆ ಬಂದೇ ಬರುತ್ತೆ, ಎಲ್ಲರಿಗೂ ಬರುತ್ತೆ. 1921ರಲ್ಲಿ ಲಂಡನ್ನಿನಲ್ಲಿ ಸೆಲ್ಬಿಟ್ ಅನ್ನುವವರು ಜನರ ಮುಂದೆ ಮಾಡಿ ತೋರಿಸಿದಾಗಿನಿಂದ ಈ ಹುಚ್ಚು ಇಳಿದಿಲ್ಲ. 1956ರಲ್ಲಿ ಸೊರ್ಕಾರ್ ಬಿಬಿಸಿ ಟಿವಿಯಲ್ಲಿ ಅದನ್ನು ಮಾಡಿದರು. ಕೊಯ್ದ ಹುಡುಗಿ ಏಳುವ ಮೊದಲೇ ಕಾರ್ಯಕ್ರಮ ಮುಗಿದುಹೋಯಿತು, ಸತ್ತೇ ಹೋದಳು ಅಂತ ಜನ ಗಾಬರಿಯಾಗಿ ಫೋನ್ ಮೇಲೆ ಫೋನ್ ಮಾಡಿದರು. ಅವರು ದೊಡ್ಡವರು, ಮನೆಯಲ್ಲಿ ಕೂತವರು. ನಿಮ್ಮ ಜಮಖಾನೆಯ ಮೇಲಿರುವುದು ನಾಲ್ಕು ವರ್ಷದ ಮಕ್ಕಳು. ಬ್ಲೇಡು, ಗರಗಸ, ಕೈ ಕತ್ತರಿಸುವ ಯಂತ್ರ ಯಾವುದೂ ಬೇಡ. ಬೆಂಕಿಯೂ ಬೇಡ. ಭಗ್ಗನೆ ಉರಿಯುವ ಫ್ಲ್ಯಾಶ್ ಪೇಪರ್ ನೋಡಲು ಚೆಂದ, ಆದರೆ ನಿಮ್ಮ ಹಿಂದೆ ಥರ್ಮಾಕೋಲ್, ಪ್ಲಾಸ್ಟಿಕ್ ಹೂವು, ಬಟ್ಟೆಯ ಅಲಂಕಾರ ಇರುತ್ತೆ. ಈ ವಿಷಯದಲ್ಲಿ ನಾನು ಜಾಸ್ತಿ ಹೆದರುವವನು ಅಂದುಕೊಳ್ಳಿ, ಪರವಾಗಿಲ್ಲ.

ಪ್ರಶ್ನೆ: ನಮ್ಮೂರಿಗೆ ಒಬ್ಬರು ಬಂದಿದ್ದಾರೆ. ಲಿಂಬೆಹಣ್ಣಿನಿಂದ ರಕ್ತ ಬರಿಸುತ್ತಾರೆ, ಕಡ್ಡಿ ಗೀರದೆ ಬೆಂಕಿ ಹಚ್ಚುತ್ತಾರೆ, ಮಾಟ ತೆಗೆಯಲು ಸಾವಿರಾರು ರೂಪಾಯಿ ಕೇಳುತ್ತಾರೆ. ಇದೂ ಜಾದುವೇ? (ಹಾವೇರಿ ಜಿಲ್ಲೆ)

ಉತ್ತರ: ಜಾದುಗಾರನ ಗುಟ್ಟನ್ನು ನಾನು ಹೇಳುವುದಿಲ್ಲ, ಕಳ್ಳನ ಗುಟ್ಟನ್ನು ಎಷ್ಟು ಬೇಕಾದರೂ ಹೇಳುತ್ತೇನೆ. ಚಾಕುವಿಗೆ ಮೀಥೈಲ್ ಆರೆಂಜ್ ಸವರಿರುತ್ತಾರೆ. ಲಿಂಬೆಯ ಹುಳಿ ತಾಗಿದರೆ ಅದು ಕೆಂಪಾಗುತ್ತೆ, ಅದೇ ರಕ್ತ. ಮನೆಯಲ್ಲಿ ಆರತಿಗೆ ಅರಿಶಿನಕ್ಕೆ ಸುಣ್ಣ ಹಾಕಿದರೆ ಕೆಂಪಾಗುತ್ತಲ್ಲ, ಅಲ್ಲಿ ಯಾವ ದೆವ್ವ ಬಂದಿತ್ತು? ಹೋಮದ ಬೆಂಕಿ ಪೊಟ್ಯಾಸಿಯಂ ಪರ್ಮಾಂಗನೇಟ್ ಮೇಲೆ ಗ್ಲಿಸರಿನ್ ಬಿದ್ದದ್ದು. ಅವರು ತುಪ್ಪ ಅಂತ ಸುರಿದದ್ದು ತುಪ್ಪ ಅಲ್ಲ. ನಾಣ್ಯದಿಂದ ಬೂದಿ ಬರಿಸಿ ಅಂಗೈಗೆ ಕೊಟ್ಟರೆ ಮಾತ್ರ ಮುಟ್ಟಬೇಡಿ, ಅದಕ್ಕೆ ಬಳಸುವ ಪಾದರಸದ ಉಪ್ಪು ವಿಷ. 1976ರಲ್ಲೇ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಚ್. ನರಸಿಂಹಯ್ಯನವರು ಪವಾಡ ಪರೀಕ್ಷೆಗೆ ಸಮಿತಿ ಮಾಡಿ ಬಾಬಾಗಳಿಗೆ ಸವಾಲು ಹಾಕಿದ್ದರು. ಈಗ ಕಾನೂನೂ ಇದೆ, ಅಮಾನವೀಯ ಆಚರಣೆ ಮತ್ತು ವಾಮಾಚಾರ ತಡೆಯಲು 2017ರಲ್ಲಿ ಮಾಡಿದ ರಾಜ್ಯದ ಕಾಯ್ದೆ. ದುಡ್ಡು ಕೊಡುವ ಮೊದಲು ಪೊಲೀಸ್ ಠಾಣೆಗೆ ಹೋಗಿ. ಇವರನ್ನು ಜಾದುಗಾರ ಅಂತ ಮಾತ್ರ ಕರೆಯಬೇಡಿ, ನಾವು ಮೋಸ ಮಾಡುತ್ತೇವೆ ಅಂತ ಹೇಳಿಯೇ ಮೋಸ ಮಾಡುವವರು.

ಪ್ರಶ್ನೆ: ಜಾದುಗಾರರು ಇಡೀ ಸಭೆಗೆ ನಜರಬಂದಿ, ಅಂದರೆ ಕಣ್ಕಟ್ಟು, ಮಾಡುತ್ತಾರಂತೆ. ಸೊರ್ಕಾರ್ ತಡವಾಗಿ ಬಂದು ಎಲ್ಲರ ಗಡಿಯಾರ ಹಿಂದೆ ತಿರುಗಿಸಿದ್ದರಂತೆ, ನಿಜವೇ?

ಉತ್ತರ: ಈ ಕಥೆ ಪ್ರತಿ ಊರಿನಲ್ಲೂ ಇದೆ, ತನ್ನ ಗಡಿಯಾರ ತಿರುಗಿದ್ದನ್ನು ನೋಡಿದವನು ಮಾತ್ರ ಯಾವಾಗಲೂ ಪಕ್ಕದ ಊರಿನವನು. ಅದು ಬರುವಂತಿದ್ದರೆ ನಾವ್ಯಾಕೆ ಇಷ್ಟು ಪೆಟ್ಟಿಗೆ ಹೊತ್ತು ಅಲೆಯುತ್ತಿದ್ದೆವು?

ಪ್ರಶ್ನೆ: ಕೈಕಾಲಿಗೆ ಸರಪಳಿ ಹಾಕಿಕೊಂಡು ಉಣಕಲ್ ಕೆರೆಯಲ್ಲಿ ಇಳಿದು ವಿಡಿಯೋ ಮಾಡಬೇಕು ಅಂತಿದ್ದೇನೆ. ಸಲಹೆ ಕೊಡಿ.

ಉತ್ತರ: ಬೇಡ. 2019ರಲ್ಲಿ ಕೋಲ್ಕತ್ತಾದ ಹೂಗ್ಲಿ ನದಿಯಲ್ಲಿ ಇದನ್ನೇ ಮಾಡಲು ಇಳಿದ ಚಂಚಲ್ ಲಾಹಿರಿ ಮುಳುಗಿ ಸತ್ತರು. ಅವರು ನಿಮ್ಮ ಹಾಗೆ ಹೊಸಬರೂ ಅಲ್ಲ.

ಪ್ರಶ್ನೆ: ಪಾರಿವಾಳ, ಗಿಳಿ ಎಲ್ಲಿ ಸಿಗುತ್ತವೆ? (ಗದಗ)

ಉತ್ತರ: ನಮ್ಮ ಗಿಳಿಯನ್ನು ಹಿಡಿದಿಡುವುದೇ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಪ್ರದರ್ಶನಕ್ಕೆ ಪ್ರಾಣಿ ಬಳಸಬೇಕಾದರೆ ನೋಂದಣಿ ಬೇಕು ಅಂತ 2001ರ ನಿಯಮ ಇದೆ. ಬಟ್ಟೆ ಹೂವು ತಗೊಳ್ಳಿ, ಅದು ಯಾರ ಹೆಗಲ ಮೇಲೂ ಹೇಸಿಗೆ ಮಾಡುವುದಿಲ್ಲ.

ಪ್ರಶ್ನೆ: ಎಂಟು ವರ್ಷದ ಮಗಳಿಗೆ ಜಾದು ಅಂದರೆ ಜೀವ. ಆನ್‌ಲೈನ್‌ನಲ್ಲಿ ನೂರು ಆಟದ ಕಿಟ್ ನೋಡಿದ್ದೇನೆ, ತರಿಸಲೇ?

ಉತ್ತರ: ನೂರರಲ್ಲಿ ತೊಂಬತ್ತು ಪ್ಲಾಸ್ಟಿಕ್ ಚೂರು, ವಾರದಲ್ಲಿ ಕಳೆದುಹೋಗುತ್ತವೆ. ಎರಡು ಮೀಟರ್ ಹಗ್ಗ ಕೊಡಿಸಿ, ಗಂಟಿನ ಆಟದಿಂದ ಶುರು ಮಾಡಲಿ. ಹತ್ತಿಯದೇ ಇರಲಿ, ನೈಲಾನ್ ಹಗ್ಗದಲ್ಲಿ ಗಂಟು ಜಾರುತ್ತೆ.