ಮೂರು ಕೆಲಸ ಬಿಟ್ಟ ಹುಡುಗ, ಒಂದು ವರ್ನಿಯರ್

ಗೋವಾದ ವಾಸ್ಕೋ ಹತ್ತಿರದ ಝುವಾರಿ ನಗರದಿಂದ ಅಪ್ಪ, ಮಗ ಇಬ್ಬರೂ ನನ್ನ ಬಳಿ ಸಲಹೆ ಕೇಳಲು ಬಂದಿದ್ದರು. ಗುರುತು ಸಿಗಬಾರದೆಂದು ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ಮಗನನ್ನು ಮಂಜು ಅನ್ನೋಣ. ವಯಸ್ಸು 20. ಬಾಗಲಕೋಟೆ ಕಡೆ ಅಜ್ಜಿ ಮನೆಯಲ್ಲಿದ್ದು ಐಟಿಐಯಲ್ಲಿ ಫಿಟ್ಟರ್ (ಯಂತ್ರದ ಭಾಗ ಜೋಡಿಸುವ ಕೆಲಸ) ಕಲಿತು ಮುಗಿಸಿ, ಅಪ್ಪ ಗೌಂಡಿ ಕೆಲಸ ಮಾಡುವ ಗೋವಾಕ್ಕೆ ಬಂದವನು. ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂಬತ್ತು ತಿಂಗಳಲ್ಲಿ ಮೂರು ಕಡೆ ಸೇರಿ, ಮೂರೂ ಬಿಟ್ಟಿದ್ದ.

"ಇಂವಾ ಎಲ್ಲೂ ನಿಲ್ಲಂಗಿಲ್ರೀ. ದುಡಿಯಾಕ ಮನಸಿಲ್ಲ" ಅಂದರು ಅಪ್ಪ. ಮಂಜು ತಲೆ ಎತ್ತಲಿಲ್ಲ. ನಾನು ಅವನಿಗೆ ಕೇಳಿದ ಪ್ರಶ್ನೆಗೂ ಅಪ್ಪನೇ ಉತ್ತರ ಕೊಡುತ್ತಿದ್ದರು. ಅರ್ಧ ಗಂಟೆ ಹೊರಗೆ ಚಹಾ ಕುಡಿದು ಬನ್ನಿ ಎಂದು ಅವರನ್ನು ಕಳಿಸಿದೆ.

ಯಾಕೆ ಬಿಟ್ಟೆ ಎಂದು ಕೇಳಲಿಲ್ಲ. ಆ ಪ್ರಶ್ನೆಯನ್ನು ಮನೆಯಲ್ಲಿ ನೂರು ಸಲ ಕೇಳಿರುತ್ತಾರೆ. ಕೊನೆಯ ಕೆಲಸದ ಕೊನೆಯ ದಿನ ಬೆಳಗ್ಗೆಯಿಂದ ಏನೇನಾಯಿತು, ಅಷ್ಟು ಹೇಳು ಅಂದೆ.

ನಿಧಾನಕ್ಕೆ ಹೊರಬಂತು. ಒಂದು ಶಾಫ್ಟ್ (ಮಷೀನಿನ ದುಂಡನೆಯ ದಂಡ) ಅಳೆಯಲು ಕೊಟ್ಟಿದ್ದರು. ಸೂಕ್ಷ್ಮ ಅಳತೆ ತೆಗೆಯುವ, ಎರಡು ಸ್ಕೇಲಿರುವ ವರ್ನಿಯರ್ ಕ್ಯಾಲಿಪರ್ ಹಿಡಿದು 24.17 ಎಂದು ಬರೆದ. ನಿಜವಾದ ಅಳತೆ 24.34. ಮುಖ್ಯ ಸ್ಕೇಲಿನಲ್ಲಿ 24 ಸರಿಯಾಗಿಯೇ ನೋಡಿದ್ದ, ಕೆಳಗಿನ ಸ್ಕೇಲಿನಲ್ಲಿ ಹದಿನೇಳನೇ ಗೆರೆ ಕೂಡುವುದನ್ನೂ ಸರಿಯಾಗಿ ಗುರುತಿಸಿದ್ದ. ಆದರೆ ಆ ಉಪಕರಣದಲ್ಲಿ ಒಂದೊಂದು ಗೆರೆಗೆ 0.02 ಮಿ.ಮೀ. ಅಂದರೆ 17ನ್ನು 0.02ರಿಂದ ಗುಣಿಸಬೇಕಿತ್ತು. ಐಟಿಐಯಲ್ಲಿ ಹತ್ತಾರು ಹುಡುಗರ ಮಧ್ಯೆ ಒಂದು ವರ್ನಿಯರ್, ಇವನ ಕೈಗೆ ಬಂದದ್ದು ಎರಡೋ ಮೂರೋ ಸಲ. ಹಿಂದಿನ ದಿನ ಸೂಪರ್‌ವೈಸರ್ ಹಿಂದಿಯಲ್ಲಿ ಗಡಿಬಿಡಿಯಾಗಿ ಹೇಳಿ "ಸಮಝಾ?" ಅಂದಿದ್ದರು. ಇವನು "ಹಾಂ" ಅಂದಿದ್ದ. ಮಾಲು ವಾಪಸ್ ಬಂತು. ಎಲ್ಲರೆದುರು ಬೈಸಿಕೊಂಡ. ಮರುದಿನ ಹೋಗಲಿಲ್ಲ, ಫೋನೂ ಎತ್ತಲಿಲ್ಲ.

ಮೊದಲೆರಡು ಕಡೆಯೂ ಇದೇ ಕಥೆ. ಗೊತ್ತಾಗದೆ "ಹಾಂ" ಅನ್ನುವುದು, ತಪ್ಪಾಗುವುದು, ನಾಚಿಕೆಯಿಂದ ಮಾಯವಾಗುವುದು. ಇದನ್ನು ಸೋಮಾರಿತನ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಬೆಳಗ್ಗೆ ಆರಕ್ಕೆ ಎದ್ದು ಬಸ್ ಹಿಡಿಯುತ್ತಿದ್ದ ಹುಡುಗ ಇವನು. ಹೊಸ ಕೆಲಸದ ಮೊದಲ ಕೆಲವು ತಿಂಗಳಲ್ಲಿ ಕೈ ಹಿಡಿದು ತೋರಿಸುವವರು ಒಬ್ಬರಾದರೂ ಬೇಕು ಅಲ್ವಾ? ಕಂತ್ರಾಟು ಕೆಲಸದಲ್ಲಿ ಅದು ಸಿಗುವುದೇ ಕಡಿಮೆ.

ಹಾಗಾಗಿ ನಾಲ್ಕನೇ ಕಂತ್ರಾಟು ಕೆಲಸ ಹುಡುಕಬೇಡ, ಅಪ್ರೆಂಟಿಸ್ (ಕಂಪನಿಯಲ್ಲೇ ಇದ್ದು ಕೆಲಸ ಕಲಿಯುವವನು) ಆಗು ಅಂದೆ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಕಲಿಸುವುದು ಕಂಪನಿಯ ಹೊಣೆ. 30 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಡೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಸರ್ಕಾರದ ಪೋರ್ಟಲ್‌ನಲ್ಲಿ ಆಧಾರ್ ಮತ್ತು ಐಟಿಐ ಸರ್ಟಿಫಿಕೇಟ್ ಹಾಕಿ ಹೆಸರು ನೋಂದಾಯಿಸಿದೆವು.

ಹೊರಗಿಂದ ಬಂದ ಅಪ್ಪನಿಗೆ ದುಡ್ಡಿನ ಲೆಕ್ಕ ಹಿಡಿಸಲಿಲ್ಲ. ಕಂತ್ರಾಟಿನಲ್ಲಿ 14,000 ಬರುತ್ತಿತ್ತು. 2019ರ ನಿಯಮದಲ್ಲಿ ಐಟಿಐ ಆದ ಅಪ್ರೆಂಟಿಸ್‌ಗೆ ಕನಿಷ್ಠ ಸ್ಟೈಪೆಂಡ್ (ಕಲಿಯುವಾಗ ಕೊಡುವ ತಿಂಗಳ ಭತ್ಯೆ) 7,000 ಇತ್ತು. ಅವರ ಚಿಂತೆ ನ್ಯಾಯವಾದದ್ದೇ, ಬಾಡಿಗೆ ಮನೆ, ಇನ್ನೂ ಓದುವ ಮಗಳು. ಮುಗಿದ ಮೇಲೆ ಅದೇ ಕಂಪನಿ ಕೆಲಸ ಕೊಡಲೇಬೇಕೆಂದೂ ಇಲ್ಲ, ಅದನ್ನು ಮುಚ್ಚಿಡಲಿಲ್ಲ. ಆದರೆ ಒಂಬತ್ತು ತಿಂಗಳಲ್ಲಿ ನಿಜಕ್ಕೂ ಕೈಗೆ ಬಂದದ್ದೆಷ್ಟು ಎಂದು ಕೂತು ಕೂಡಿಸಿದೆವು. ಮಧ್ಯೆ ಖಾಲಿ ಕೂತ ತಿಂಗಳನ್ನೂ ಸೇರಿಸಿ ಭಾಗಿಸಿದರೆ ತಿಂಗಳಿಗೆ 8,000 ಕೂಡ ದಾಟಲಿಲ್ಲ. ಅವರು ಸುಮ್ಮನಾದರು.

ಮಂಜುವಿಗೆ ಹೇಳಿದ್ದು ಸಣ್ಣ ಸಣ್ಣ ವಿಷಯ. ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೋ. ಅರ್ಥವಾಗದ ಮಾತನ್ನು ಕೇಳಿಸಿದ ಹಾಗೇ ಕನ್ನಡದಲ್ಲಿ ಬರೆದುಕೋ. ಮಷೀನ್ ಓಡುವಾಗ ಬೇಡ, ಊಟದ ನಂತರ ಒಬ್ಬ ಹಿರಿಯರನ್ನು ಕೇಳು. "ಏಕ್ ಬಾರ್ ಫಿರ್ ಸೇ ದಿಖಾಯಿಯೇ" (ಇನ್ನೊಂದು ಸಲ ತೋರಿಸಿ) ಎಂಬ ಹಿಂದಿ ವಾಕ್ಯವನ್ನು ಅಲ್ಲೇ ಹತ್ತು ಸಲ ಹೇಳಿಸಿದೆ. ಮೊದಲು ದನಿಯೇ ಹೊರಡಲಿಲ್ಲ. ಇನ್ನು ಮುಂದೆ ಬಿಡುವುದೇ ಆದರೆ ಹೇಳಿ ಬಿಡು, ಅನುಭವ ಪತ್ರ ಕೇಳು, ಸುಮ್ನೆ ಮಾಯವಾಗಬೇಡ. ಅಪ್ಪನಿಗೆ ಒಂದೇ ಮಾತು: ಸಂಜೆ ಮನೆಗೆ ಬಂದಾಗ "ಇವತ್ತ ಏನ್ ಕಲ್ತಿ?" ಎಂದು ಕೇಳಿ.

ಎರಡು ತಿಂಗಳ ಮೇಲೆ ಬಂದ. ವೆರ್ಣಾದಲ್ಲೇ ಅಪ್ರೆಂಟಿಸ್ ಆಗಿ ಸೇರಿದ್ದ. ಎಣ್ಣೆ ಹತ್ತಿದ ನೋಟ್‌ಬುಕ್ ತಂದಿದ್ದ. ಮೊದಲ ಪುಟದಲ್ಲಿ ವರ್ನಿಯರ್ ಚಿತ್ರ, ಪಕ್ಕದಲ್ಲಿ "ಒಂದು ಗೆರೆ 0.02". ಕೊನೆಯ ಪುಟದಲ್ಲಿ, ತೂತನ್ನು ನಿಖರ ಅಳತೆಗೆ ತರುವ ರೀಮರ್ ಎಂಬ ಉಪಕರಣದ ಬಗ್ಗೆ, "ರೀಮರ್ ಹಾಕುವ ಮೊದಲು ತೂತು ಯಾಕೆ ಸಣ್ಣದು ಬಿಡಬೇಕು?" ಎಂದಿತ್ತು.

ಕೇಳಿದೆಯಾ ಅಂದೆ.

"ಇನ್ನಾ ಇಲ್ರೀ. ನಾಳೆ ಊಟ ಆದಮ್ಯಾಲೆ ಕೇಳ್ತೀನಿ" ಅಂದ.