ಬರುವಾಗ ಅಡಕೆ ಅಂಗಡಿಯ ಲೆಕ್ಕವನ್ನೂ ಕಟ್ಟಿಕೊಂಡು ಬಾ

ತಮ್ಮಾ,

ಕಾಸರಗೋಡಿನ ಬದಿಯಡ್ಕದ ಅಡಕೆ ಅಂಗಡಿಯಲ್ಲಿ ಆರು ವರ್ಷ ಲೆಕ್ಕ ಬರೆದಿದ್ದೇನೆ, ಮಂಗಳೂರು ವಿಶ್ವವಿದ್ಯಾನಿಲಯದ ಬಿ.ಕಾಂ., ಈಗ ಐಟಿಗೆ ಬದಲಾಗಿ ದುಬೈಗೆ ಬರಬೇಕು ಅಂತ ಬರೆದಿದ್ದೀ. ಟೆಸ್ಟಿಂಗ್, ನೆಟ್‌ವರ್ಕಿಂಗ್, ಕ್ಲೌಡ್, ಸೈಬರ್ ಸೆಕ್ಯುರಿಟಿ, ಡಾಟಾ, ಇವುಗಳಲ್ಲಿ ಯಾವುದು ಕಲಿಯಲಿ ಅಣ್ಣಾ, ರೂಮು ಎಲ್ಲಿ, ಕನ್ನಡ ಮೀಡಿಯಂ ಆದದ್ದು ತೊಂದರೆಯಾ ಅಂತ ಕೇಳಿದ್ದೀ. ಓದುವಾಗ ನಾನು ಇಲ್ಲಿ ಇಳಿದ ದಿನ ನೆನಪಾಯಿತು. ಐಟಿ ಕೆಲಸಕ್ಕೆ ಇದು ಯಾತಕ್ಕೆ ಅಂತ ಊರಿನ ಲೆಕ್ಕದ ಕೆಲಸವನ್ನು ಬಯೋಡಾಟಾದಿಂದಲೇ ತೆಗೆದುಹಾಕಿ ಬಂದಿದ್ದೆ. ಅದರಿಂದ ನಾಲ್ಕು ವರ್ಷ ಹೆಲ್ಪ್‌ಡೆಸ್ಕಿನಲ್ಲೇ ಹೋಯಿತು. ಹಾಗಾಗಿ ಆ ಒಂದು ವಿಷಯವನ್ನು ಬಿಡಿಸಿ ಬರೆಯುತ್ತೇನೆ, ಉಳಿದದ್ದು ಬೇಗ ಮುಗಿಸುತ್ತೇನೆ.

ಮೊದಲು ರೂಮು. ಶುರುವಿಗೆ ದೇರಾದಲ್ಲೋ ಶಾರ್ಜಾದಲ್ಲೋ ಬೆಡ್ ಸ್ಪೇಸ್ (ಹಂಚಿಕೊಂಡ ರೂಮಿನಲ್ಲಿ ಒಂದು ಮಂಚದ ಜಾಗ) ಹಿಡಿ. ಶಾರ್ಜಾದಲ್ಲಿ ಬಾಡಿಗೆ ಕಮ್ಮಿ, ಆದರೆ ಬೆಳಗ್ಗೆ ದುಬೈಗೆ ಬರುವ ದಾರಿಯಲ್ಲಿ ವಾಹನದ ಸಾಲು. ಕುಚ್ಚಲಕ್ಕಿ ಸಿಗುತ್ತದೆ. ಮಳೆಗಾಲ ಮಾತ್ರ ಸಿಗುವುದಿಲ್ಲ, ಆಟಿ ತಿಂಗಳಲ್ಲಿ ಊರಿಗೆ ಫೋನ್ ಮಾಡಿದರೆ ಹಂಚಿನ ಮೇಲೆ ನೀರು ಬೀಳುವ ಸದ್ದನ್ನೇ ಕೇಳುತ್ತಾ ಕೂರಬೇಕು ಅನಿಸುತ್ತದೆ. ಇನ್ನು ಭಾಷೆ. ಕನ್ನಡ ಶಾಲೆಯಲ್ಲಿ ಕಲಿತವನಿಗೆ ಇಂಗ್ಲಿಷ್ ಇಮೇಲ್ ಬರೆಯುವ ಅಭ್ಯಾಸ ಬೇಕು, ಅಷ್ಟೇ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಕಚೇರಿಯಲ್ಲಿ ಮಲಯಾಳ ಅಂತ ಬೆಳೆದವರು ನಾವು. ಊರಲ್ಲಿ ಅರ್ಜಿ ತುಂಬಲು ಕಷ್ಟ ಕೊಟ್ಟ ಅದೇ ಮಲಯಾಳ ಇಲ್ಲಿನ ಅಕೌಂಟ್ಸ್ ವಿಭಾಗಗಳಲ್ಲಿ ನಿನಗೆ ದೊಡ್ಡ ಆಸ್ತಿ.

ಈಗ ದಾರಿಗಳು. ಟೆಸ್ಟಿಂಗ್‌ಗೆ, ಅಂದರೆ ಸಾಫ್ಟ್‌ವೇರ್ ಸರಿ ಉಂಟಾ ಅಂತ ನೋಡುವ ಕೆಲಸಕ್ಕೆ, ಐಎಸ್‌ಟಿಕ್ಯುಬಿ ಎಂಬ ಸರ್ಟಿಫಿಕೇಟಿನ ಫೌಂಡೇಶನ್ ಪರೀಕ್ಷೆಯಲ್ಲಿ 40 ಪ್ರಶ್ನೆ, 26 ಸರಿಯಾದರೆ ಪಾಸು. ಆದರೆ ಕೈಯಿಂದ ಕ್ಲಿಕ್ ಮಾಡಿ ಪರೀಕ್ಷಿಸುವುದಷ್ಟೇ ಬಂದರೆ ಸಾಲದು, ಪ್ಲೇರೈಟ್ ಅಥವಾ ಸೆಲೆನಿಯಮ್, ಪೋಸ್ಟ್‌ಮ್ಯಾನ್‌ನಂಥ ಟೆಸ್ಟಿಂಗ್ ಸಾಧನಗಳು ಕೂಡ ಬೇಕು. ನೆಟ್‌ವರ್ಕಿಂಗ್‌ಗೆ ಸಿಸ್ಕೋ ಕಂಪನಿಯ ಸಿಸಿಎನ್‌ಎ ಸರ್ಟಿಫಿಕೇಟ್, 120 ನಿಮಿಷದ ಪರೀಕ್ಷೆ, ಮೂರು ವರ್ಷ ಊರ್ಜಿತ. ಕೇಬಲ್ ಎಳೆಯುವುದರಿಂದ ಶುರುಮಾಡುವ ಮನಸ್ಸಿದ್ದರೆ ಅದು ಒಳ್ಳೆಯ ಬಾಗಿಲು. ಸೈಬರ್ ಸೆಕ್ಯುರಿಟಿ ಮೊದಲ ಮೆಟ್ಟಿಲಲ್ಲ. ಲಿನಕ್ಸ್, ನೆಟ್‌ವರ್ಕ್ ಎರಡೂ ಗೊತ್ತಿಲ್ಲದವನು ಲಾಗ್ (ಕಂಪ್ಯೂಟರಿನ ಚಟುವಟಿಕೆಯ ದಾಖಲೆ) ನೋಡಿ ಎಂಥ ತಿಳಿಯುವುದು? ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಸರ್ವರ್‌ಗಳ ಕೆಲಸಕ್ಕೆ, ಇಲ್ಲಿ ಬೇಡಿಕೆ ಉಂಟು, ಅಮೆಜಾನ್ 2022ರಲ್ಲಿ ಯುಎಇಯಲ್ಲೇ ಡಾಟಾ ಸೆಂಟರ್‌ಗಳನ್ನು ತೆರೆಯಿತು. ಆದರೆ ಸರ್ವರ್ ನೋಡಿಕೊಂಡ ಅನುಭವವಿಲ್ಲದೆ ಬರೀ ಸರ್ಟಿಫಿಕೇಟ್ ಹಿಡಿದು ಬಂದವರಿಗೆ ಸಂದರ್ಶನದಲ್ಲೇ ಕಷ್ಟವಾಗುತ್ತದೆ. ಅಭ್ಯಾಸಕ್ಕೆ ಅಮೆಜಾನ್ ಕ್ಲೌಡ್‌ನಲ್ಲಿ ಖಾತೆ ತೆರೆದರೆ ಮೊದಲ ದಿನವೇ ಬಜೆಟ್ ಅಲರ್ಟ್ ಹಾಕು. ನ್ಯಾಟ್ ಗೇಟ್‌ವೇ (ಒಳಗಿನ ಸರ್ವರ್‌ಗಳನ್ನು ಇಂಟರ್ನೆಟ್‌ಗೆ ಜೋಡಿಸುವ ಸೇವೆ) ಒಂದನ್ನು ಅಳಿಸಲು ಮರೆತರೂ ಗಂಟೆ ಲೆಕ್ಕದಲ್ಲಿ ಬಿಲ್ ಏರುತ್ತದೆ.

ನಿನಗೆ ನಾನು ಹೇಳುವುದು ಇವು ಯಾವುದನ್ನೂ ಅಲ್ಲ. ಇಆರ್‌ಪಿ ಕಡೆಗೆ ಬಾ, ಫಂಕ್ಷನಲ್ ಕನ್ಸಲ್ಟೆಂಟ್ ಆಗಿ. ಕಂಪನಿಯ ಲೆಕ್ಕ, ದಾಸ್ತಾನು, ಖರೀದಿ ಎಲ್ಲವನ್ನೂ ಒಂದೇ ಸಾಫ್ಟ್‌ವೇರ್‌ಗೆ ತರುವ ಕೆಲಸ ಅದು. ಯುಎಇಯಲ್ಲಿ 2018ರ ಜನವರಿ 1ರಿಂದ 5 ಶೇಕಡಾ ವ್ಯಾಟ್, 2023ರ ಜೂನ್‌ನಿಂದ 3,75,000 ದಿರ್ಹಮ್ ದಾಟಿದ ಲಾಭಕ್ಕೆ 9 ಶೇಕಡಾ ಕಾರ್ಪೊರೇಟ್ ತೆರಿಗೆ. ಸೌದಿಯಲ್ಲಿ 2021ರ ಡಿಸೆಂಬರ್‌ನಿಂದ ಇ-ಇನ್‌ವಾಯ್ಸ್. ಪ್ರತಿ ಹೊಸ ನಿಯಮಕ್ಕೂ ಸಾಫ್ಟ್‌ವೇರ್ ತಿದ್ದಬೇಕು. ಆಗ ಬೇಕಾಗುವುದು ಕೋಡ್ ಗೊತ್ತಿರುವವನು ಮಾತ್ರವಲ್ಲ, ಡೆಬಿಟ್ ಯಾವುದು ಕ್ರೆಡಿಟ್ ಯಾವುದು ಅಂತ ನಿದ್ದೆಯಲ್ಲೂ ಹೇಳುವವನು. ಕೋಡ್ ಗೊತ್ತಿರುವ ಹುಡುಗನಿಗೆ ಆರು ವರ್ಷದ ಲೆಕ್ಕವನ್ನು ಆರು ತಿಂಗಳಲ್ಲಿ ಕಲಿಸಲು ಆಗುವುದಿಲ್ಲ. ನಿನಗೆ ಉಳಿದ ಭಾಗವನ್ನು ಕಲಿಸಲು ಆಗುತ್ತದೆ.

ಕಲಿಯುವುದು ಹೀಗೆ. ಇಆರ್‌ಪಿನೆಕ್ಸ್ಟ್ ಅಂತ ಮುಂಬೈಯ ಫ್ರಾಪೆ ಕಂಪನಿಯದ್ದು ಉಂಟು, ಓಪನ್ ಸೋರ್ಸ್, ದುಡ್ಡು ಕೊಡಬೇಕಾಗಿಲ್ಲ. 8 ಜಿಬಿ ರಾಮ್ ಇರುವ ಲ್ಯಾಪ್‌ಟಾಪಿನಲ್ಲಿ ಡಾಕರ್ (ಸಾಫ್ಟ್‌ವೇರನ್ನು ಬೇಕಾದದ್ದೆಲ್ಲ ಸೇರಿಸಿ ಒಂದೇ ಕಟ್ಟಾಗಿ ನಡೆಸುವ ಸಾಧನ) ಮೂಲಕ ಹಾಕಿಕೊ. ಧಣಿಗಳಲ್ಲಿ ಕೇಳಿ ಅಂಗಡಿಯ ಹಳೆಯ ಒಂದು ತಿಂಗಳ ಟ್ಯಾಲಿ (ಲೆಕ್ಕದ ಸಾಫ್ಟ್‌ವೇರ್) ಲೆಕ್ಕ ತೆಗೆದುಕೊ. ಗಿರಾಕಿಗಳ ಹೆಸರು, ಫೋನ್, ಜಿಎಸ್‌ಟಿ ನಂಬರ್ ಎಲ್ಲ ಬದಲಿಸು, ಇದನ್ನು ತಪ್ಪಿಸಬೇಡ. ಮೊದಲು ಲೆಡ್ಜರ್‌ಗಳು, ಆಮೇಲೆ ಗಿರಾಕಿ, ಸರಬರಾಜುದಾರ, ಸರಕು. ಬಾಕಿ ಬಿಲ್ಲುಗಳನ್ನು ಒಂದೊಂದಾಗಿ ಓಪನಿಂಗ್ ಇನ್‌ವಾಯ್ಸ್ ಟೂಲ್‌ನಲ್ಲಿ ತಾ, ದಾಸ್ತಾನನ್ನು ಸ್ಟಾಕ್ ರಿಕನ್ಸಿಲಿಯೇಶನ್‌ನಲ್ಲಿ, ಉಳಿದ ಶಿಲ್ಕನ್ನು ಓಪನಿಂಗ್ ಜರ್ನಲ್‌ನಲ್ಲಿ. ಎಲ್ಲ ಮುಗಿದ ಮೇಲೆ ಟೆಂಪರರಿ ಓಪನಿಂಗ್ ಎಂಬ ಖಾತೆ ಸೊನ್ನೆಗೆ ಬರಬೇಕು. ಬಾರದಿದ್ದರೆ ಎಲ್ಲೋ ತಪ್ಪಿದೆ.

ತಪ್ಪುವ ಜಾಗಗಳೂ ಹೆಚ್ಚುಕಡಿಮೆ ಅವೇ. ಟ್ಯಾಲಿಯಿಂದ ಎಕ್ಸೆಲ್‌ಗೆ ಬಂದ ಮೊತ್ತದಲ್ಲಿ ಡೆಬಿಟ್-ಕ್ರೆಡಿಟ್ ಗುರುತು ಕಣ್ಣಿಗೆ ಕಾಣುತ್ತದೆ, ಸಂಖ್ಯೆಯಲ್ಲಿ ಇರುವುದಿಲ್ಲ. ಹಾಗೇ ಸೇರಿಸಿದರೆ ಕೊಡಬೇಕಾದ ಸಾಲ ಬರಬೇಕಾದ ಬಾಕಿಯಾಗುತ್ತದೆ. ಒಬ್ಬನೇ ಗಿರಾಕಿ ಒಂದು ಚುಕ್ಕಿಯ ವ್ಯತ್ಯಾಸದಿಂದ ಎರಡು ಲೆಡ್ಜರ್ ಆಗಿರುತ್ತಾನೆ. ಅಡಕೆ ಒಂದು ಕಡೆ ಕ್ವಿಂಟಲ್, ಇನ್ನೊಂದು ಕಡೆ ಕಿಲೋ. ಟ್ಯಾಲಿಯಲ್ಲಿ ದಾಸ್ತಾನಿನ ಬೆಲೆ ಸರಾಸರಿಯಲ್ಲಿದ್ದು ಇಆರ್‌ಪಿನೆಕ್ಸ್ಟ್‌ನಲ್ಲಿ ಫೀಫೋ (ಮೊದಲು ಬಂದ ಸರಕು ಮೊದಲು ಹೋಯಿತು ಎಂಬ ಲೆಕ್ಕ) ಇಟ್ಟರೆ ತೂಕ ಸರಿಯಿದ್ದರೂ ಮೌಲ್ಯ ತಾಳೆಯಾಗದು, ಆದ್ದರಿಂದ ಮೊದಲ ವಹಿವಾಟು ಹಾಕುವ ಮುಂಚೆಯೇ ಇದನ್ನು ನಿರ್ಧರಿಸು. ಹೊಸ ಚಾಲಿ, ಹಳೆ ಚಾಲಿ, ಪಟೋರ, ಕರಿಗೋಟು ಈ ಅಡಕೆ ದರ್ಜೆಗಳೆಲ್ಲವನ್ನೂ ಒಂದೇ ಸರಕು ಅಂತ ಹಾಕಿದರೆ ಲಾಭದ ಲೆಕ್ಕವೇ ಸುಳ್ಳಾಗುತ್ತದೆ. ಒಣಗಿ ಇಳಿದ ತೂಕವನ್ನು ಎಲ್ಲಿ ಬರೆಯುವುದು ಅಂತಲೂ ಯೋಚಿಸು. ಇದನ್ನು ನೀನು ಗೋದಾಮಿನಲ್ಲಿ ನಿಂತು ಕಂಡವನು, ಸಂದರ್ಶನದಲ್ಲಿ ಇದನ್ನೇ ಹೇಳು. ಇಲ್ಲಿನ ಖರ್ಜೂರದ ವ್ಯಾಪಾರಿಗೂ ದರ್ಜೆ, ತೂಕ, ಬೆಲೆಯ ತಲೆನೋವು ಇದೇ.

ಜೊತೆಗೆ ಎಸ್‌ಕ್ಯೂಎಲ್ (ಡಾಟಾಬೇಸಿನಿಂದ ಮಾಹಿತಿ ಕೇಳಿ ತೆಗೆಯುವ ಭಾಷೆ) ಕಲಿ, ದಿನಕ್ಕೆ ಒಂದು ಗಂಟೆ. ಜಾಯಿನ್ ಮಾಡುವಾಗ, ಅಂದರೆ ಎರಡು ಪಟ್ಟಿಗಳನ್ನು ಜೋಡಿಸುವಾಗ, ಒಂದು ಜಾಗದಲ್ಲಿ ಬಹಳ ಜನ ಬೀಳುತ್ತಾರೆ: ಮೂರು ಸಾಲು ಸರಕಿರುವ ಬಿಲ್ಲಿಗೆ ಎರಡು ಕಂತಿನ ಪಾವತಿಯನ್ನು ನೇರ ಜೋಡಿಸಿದರೆ ಆರು ಸಾಲಾಗಿ ಮೊತ್ತ ಉಬ್ಬುತ್ತದೆ. ಪಾವತಿಯನ್ನು ಬಿಲ್ಲುವಾರು ಮೊದಲೇ ಒಟ್ಟು ಮಾಡಿ ಆಮೇಲೆ ಜೋಡಿಸು. ನಂತರ ಅಂಕಿಗಳನ್ನು ಚಿತ್ರ, ವರದಿ ಮಾಡುವ ಪವರ್ ಬಿಐ ಡೆಸ್ಕ್‌ಟಾಪ್, ಅದೂ ಉಚಿತ. ನೀನು ಕೇಳಿದ ಡಾಟಾದ ದಾರಿಯೂ ಇಲ್ಲಿಂದಲೇ ಹೊರಡುತ್ತದೆ.

ಕಾಗದಪತ್ರದಲ್ಲಿ ನಮ್ಮ ಗಡಿಯವರಿಗೆ ಬೇರೆಯೇ ತೊಡಕು. ನೀನು ಕೇರಳದವನಾದರೂ ಡಿಗ್ರಿ ಕರ್ನಾಟಕದ್ದು. ಊರಿನವರು ನೋರ್ಕಾಕ್ಕೆ (ಅನಿವಾಸಿಗಳಿಗಾಗಿ ಇರುವ ಕೇರಳ ಸರ್ಕಾರದ ಸಂಸ್ಥೆ) ಹೋಗು ಅನ್ನುತ್ತಾರೆ, ಅಲ್ಲಿ ಆಗುವುದು ಕೇರಳದ ಸರ್ಟಿಫಿಕೇಟ್‌ಗಳು. ನಿನ್ನದು ಮೊದಲು ಕರ್ನಾಟಕದಲ್ಲಿ ದೃಢೀಕರಣವಾಗಬೇಕು, ಆಮೇಲೆ ನಮ್ಮ ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಕೊನೆಗೆ ಇಲ್ಲಿನ ವಿದೇಶಾಂಗ ಸಚಿವಾಲಯ. ಎಸ್ಸೆಸ್ಸೆಲ್ಸಿ, ಡಿಗ್ರಿ, ಪಾಸ್‌ಪೋರ್ಟ್ ಮೂರರಲ್ಲೂ ಹೆಸರಿನ ಸ್ಪೆಲ್ಲಿಂಗ್ ಒಂದೇ ಉಂಟಾ ನೋಡು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದ್ದರೆ ಈಗಲೇ ತಿದ್ದಿಸು. ಒಂಟಿ ಹೆಸರಿನವರಿಗೆ 2022ರ ನವೆಂಬರ್‌ನಿಂದ ವಿಸಿಟ್ ವೀಸಾದಲ್ಲಿ ತೊಂದರೆ ಆಗಿದೆ.

ವಿಸಿಟ್ ವೀಸಾದಲ್ಲಿ ಕೆಲಸ ಹುಡುಕಬಹುದು, ಮಾಡಬಾರದು. ವೀಸಾಕ್ಕೆ ದುಡ್ಡು ಕೇಳುವ ಮಾಲಕನಿಗೆ ಒಪ್ಪಬೇಡ, ನೇಮಕಾತಿ ಖರ್ಚನ್ನು ಕೆಲಸಗಾರನ ಮೇಲೆ ಹಾಕುವುದು ಇಲ್ಲಿನ ಕಾನೂನಿಗೆ ವಿರುದ್ಧ. ಆಫರ್ ಲೆಟರ್‌ನಲ್ಲಿ ಹುದ್ದೆಯ ಹೆಸರನ್ನೂ ಬೇಸಿಕ್ ಸಂಬಳವನ್ನೂ ನೋಡು. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯ ಲೆಕ್ಕ ಹಾಕುವುದು ಬೇಸಿಕ್ ಮೇಲೆ, ಮೊದಲ ಐದು ವರ್ಷ ವರ್ಷಕ್ಕೆ 21 ದಿನದಂತೆ. ಒಟ್ಟು 6,000 ದಿರ್ಹಮ್‌ನಲ್ಲಿ ಬೇಸಿಕ್ 3,000 ಇದ್ದರೆ ವರ್ಷಕ್ಕೆ ಸುಮಾರು 2,100, ಬೇಸಿಕ್ 5,000 ಇದ್ದರೆ 3,500. ಪ್ರೊಬೇಶನ್ ಆರು ತಿಂಗಳಿಗಿಂತ ಹೆಚ್ಚಿಡುವಂತಿಲ್ಲ.

ಅಂಗಡಿ ಬಿಡುವ ಮುಂಚೆ ಲೆಟರ್‌ಹೆಡ್‌ನಲ್ಲಿ ಅನುಭವ ಪತ್ರ ಬರೆಸಿಕೊ. ಟ್ಯಾಲಿ, ಜಿಎಸ್‌ಟಿ ರಿಟರ್ನ್, ದಾಸ್ತಾನು, ಇವಿಷ್ಟೂ ಅದರಲ್ಲಿ ಇರಲಿ. ಕೆಲಸ ಬಿಟ್ಟು ಕಲಿಯಬೇಡ, ಸಂಜೆ ಹೊತ್ತು ಕಲಿ. ಟ್ರಯಲ್ ಬ್ಯಾಲೆನ್ಸ್ ಪೈಸೆಗೆ ಪೈಸೆ ತಾಳೆಯಾದ ದಿನ ಅದರ ಸ್ಕ್ರೀನ್‌ಶಾಟ್ ನನಗೆ ಕಳುಹಿಸು. ಅದನ್ನು ನೋಡಿಕೊಂಡು ನಿನ್ನ ಬಯೋಡಾಟಾವನ್ನು ಇಬ್ಬರೂ ಕೂತು ಬರೆಯೋಣ. ಅದುವರೆಗೆ ಟಿಕೆಟ್ ತೆಗೆಯಬೇಡ.